ಕೊಕ್ಕೆ ಏರುವ ಮೊದಲು: ಕ್ರೇನ್ ಕೆಲಸ ಗೆಲ್ಲಲು ಹದಿನಾಲ್ಕು ಸೂತ್ರಗಳು

ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಬಾವಿಯಿಂದ ಮನೆಯ ತನಕ ಸಲೀಸಾಗಿ ನಡೆಯುವವರು ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿದು ಹತ್ತು ಹೆಜ್ಜೆ ಹಾಕಲಾರರು. ನೀರು ಒಂದು ತೊಟ್ಟೂ ಹೆಚ್ಚಿಲ್ಲ. ಮೈಗೂ ಬಿಂದಿಗೆಗೂ ನಡುವಿನ ದೂರ ಹೆಚ್ಚಿದೆ. ಕ್ರೇನ್ ಉರುಳುವುದೂ ಹೀಗೆಯೇ.

ಆದರೂ ನಮ್ಮ ಸೈಟುಗಳಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: "ಎಷ್ಟು ಟನ್ನಿನ ಗಾಡಿ?" ಇದರ ಉತ್ತರವನ್ನು ನಂಬಿ ಯಾವ ಭಾರವನ್ನೂ ಎತ್ತಬಾರದು. ಎಷ್ಟು ದೂರದಲ್ಲಿ, ಎಂಥ ನೆಲದ ಮೇಲೆ, ಎಂಥ ಗಾಳಿಯಲ್ಲಿ ಎಷ್ಟು ಟನ್ನು ಎಂದು ಕೇಳಬೇಕು. ಕ್ರೇನ್ ನಡೆಸುವ ಆಪರೇಟರ್, ಸ್ಲಿಂಗ್ ಕಟ್ಟುವ ಖಲಾಸಿ, ಸನ್ನೆ ಕೊಡುವ ಸಿಗ್ನಲ್‌ಮ್ಯಾನ್, ಗಾಡಿಯನ್ನು ಬಾಡಿಗೆಗೆ ತರಿಸುವ ಕಂಟ್ರಾಕ್ಟರ್, ಸಹಿ ಹಾಕುವ ಇಂಜಿನಿಯರ್, ಎಲ್ಲರಿಗೂ ಸೇರಿದ ಸೂತ್ರಗಳಿವು.

1. ಬೂಮ್ ಮೇಲೆ ಬರೆದ ಟನ್ನನ್ನು ಮರೆಯಿರಿ

40 ಟನ್ನಿನ ಕ್ರೇನ್ ಎಂದರೆ ಬೂಮನ್ನು ಪೂರ್ತಿ ಒಳಗೆಳೆದುಕೊಂಡು, ಜಾಕ್‌ಗಳನ್ನು ಪೂರ್ತಿ ಹೊರಚಾಚಿ, ತಿರುಗುವ ಕೇಂದ್ರದಿಂದ ಸುಮಾರು ಮೂರು ಮೀಟರ್ ದೂರದಲ್ಲಿ 40 ಟನ್ ಎತ್ತಬಲ್ಲದು ಎಂದು ಅರ್ಥ. ಮೂರು ಮೀಟರ್ ಎಂದರೆ ಗಾಡಿಯ ಮಗ್ಗುಲು. ನಿಜವಾದ ಕೆಲಸ ಅಷ್ಟು ಹತ್ತಿರದಲ್ಲಿ ಸಿಗುವುದು ಅಪರೂಪ.

ಉರುಳಿಸುವ ಬಲವನ್ನು ಭಾರ ಮತ್ತು ದೂರಗಳನ್ನು ಗುಣಿಸಿ ಲೆಕ್ಕ ಹಾಕುತ್ತಾರೆ. ನಾಲ್ಕು ಮೀಟರಿನಲ್ಲಿ 10 ಟನ್ ಎತ್ತಿದರೆ 40 ಟನ್-ಮೀಟರ್. ಇಪ್ಪತ್ತು ಮೀಟರಿನಲ್ಲಿ ಬರೀ 2 ಟನ್ ಎತ್ತಿದರೂ ಅಷ್ಟೇ. ಇದೂ ಆಸೆಬುರುಕ ಲೆಕ್ಕ. ಬೂಮ್ ಚಾಚಿದಂತೆಲ್ಲ ಅದರ ಸ್ವಂತ ತೂಕವೂ ಹೊರಕ್ಕೆ ವಾಲುತ್ತದೆ. ಹಾಗಾಗಿ ಎಷ್ಟು ದೂರದಲ್ಲಿ ಎಷ್ಟು ಎತ್ತಬಹುದೆಂದು ತಯಾರಕರು ಬರೆದುಕೊಡುವ ಲೋಡ್ ಚಾರ್ಟ್‌ನಲ್ಲಿರುವ ಅಂಕಿ ಈ ಗುಣಾಕಾರಕ್ಕಿಂತಲೂ ವೇಗವಾಗಿ ಇಳಿಯುತ್ತದೆ.

2. ದೂರವನ್ನು ಟೇಪ್ ಹಿಡಿದು ಅಳೆಯಿರಿ

ಕಣ್ಣಂದಾಜು ಬೇಡ. ತಿರುಗುವ ಕ್ರೇನುಗಳಲ್ಲಿ ದೂರವೆಂದರೆ ತಿರುಗುವ ಕೇಂದ್ರದಿಂದ ಕೊಕ್ಕೆಯ ನಡುಮಧ್ಯದವರೆಗೆ ನೆಲದ ಮೇಲೆ ಅಳೆದದ್ದು. ಎತ್ತುವ ಜಾಗ, ಇಳಿಸುವ ಜಾಗ ಎರಡನ್ನೂ ಅಳೆದು ಹೆಚ್ಚಿನದನ್ನು ಹಿಡಿಯಿರಿ. ಭಾರ ಬಿದ್ದೊಡನೆ ಬೂಮ್ ಬಾಗುತ್ತದೆ, ಕೊಕ್ಕೆ ಇನ್ನಷ್ಟು ಹೊರಗೆ ಸರಿಯುತ್ತದೆ ಎಂಬುದೂ ನೆನಪಿರಲಿ. ನಿಮ್ಮ ಅಳತೆ 11 ಮೀಟರ್, ಚಾರ್ಟ್‌ನಲ್ಲಿರುವುದು 10 ಮತ್ತು 12 ಎಂದಾದರೆ 12ರ ಸಾಲನ್ನೇ ಓದಿ. ನಡುವಿನ ಅಂಕಿಯನ್ನು ನೀವೇ ಹುಟ್ಟಿಸಬೇಡಿ.

3. ಚಾರ್ಟ್‌ನ ದಪ್ಪ ಗೆರೆಗೆ ಹೆದರಿ

ಅನೇಕ ಲೋಡ್ ಚಾರ್ಟ್‌ಗಳಲ್ಲಿ ಅಂಕಿಗಳ ನಡುವೆ ಮೆಟ್ಟಿಲಿನಂತೆ ಇಳಿಯುವ ಒಂದು ದಪ್ಪ ಗೆರೆ ಇರುತ್ತದೆ. ವರ್ಷಗಟ್ಟಲೆ ಗಾಡಿ ಓಡಿಸಿದವರಲ್ಲೂ ಕೆಲವರು ಅದನ್ನು ಅಲಂಕಾರವೆಂದೇ ತಿಳಿದಿದ್ದಾರೆ. ಗೆರೆಯ ಕೆಳಗೆ, ಅಂದರೆ ದೂರ ಹೆಚ್ಚಿರುವ ಕಡೆ, ಮಿತಿ ಮೀರಿದರೆ ಕ್ರೇನ್ ಉರುಳುತ್ತದೆ. ಗೆರೆಯ ಮೇಲೆ, ಹತ್ತಿರದ ದೂರಗಳಲ್ಲಿ, ಮಿತಿ ಮೀರಿದರೆ ಕ್ರೇನ್ ಉರುಳುವ ಮೊದಲೇ ಬೂಮೋ ಇನ್ನೊಂದು ಭಾಗವೋ ಮುರಿಯುತ್ತದೆ.

"ಹಿಂದಿನ ಜಾಕ್ ಹಗುರಾದರೆ ನನಗೆ ಗೊತ್ತಾಗುತ್ತೆ, ಆಗ ಇಳಿಸ್ತೀನಿ" ಎನ್ನುವ ಆಪರೇಟರ್ ಅಣ್ಣಂದಿರು ಇದನ್ನು ಮನಸ್ಸಿಟ್ಟು ಕೇಳಬೇಕು. ಗೆರೆಯ ಮೇಲಿನ ಭಾಗದಲ್ಲಿ ಜಾಕ್ ಹಗುರಾಗುವುದೇ ಇಲ್ಲ. ಉಕ್ಕು ಮುನ್ಸೂಚನೆ ಕೊಡದೆ ಮಡಚಿಕೊಳ್ಳುತ್ತದೆ. ಗೆರೆಯ ಕೆಳಗೂ ಜಾಕ್ ಎದ್ದ ಮೇಲೆ ಸಿಗುವ ಸಮಯ ಒಂದೆರಡು ಉಸಿರಿನಷ್ಟು. ತಯಾರಕರು ಬರೆದ ಅಂಕಿ ಕ್ರೇನ್ ಉರುಳುವ ಭಾರದ ಒಂದು ಪಾಲು ಮಾತ್ರ. ಅಮೆರಿಕದ ಮಾನದಂಡದಲ್ಲಿ ಜಾಕ್ ಪೂರ್ತಿ ಹಾಕಿದ ಕ್ರೇನಿಗೆ ಶೇ 85, ಕ್ರಾಲರ್ ಕ್ರೇನಿಗೆ ಶೇ 75. ಉಳಿದದ್ದನ್ನು ಗಾಳಿಗೆ, ತೂಗಾಟಕ್ಕೆ, ನೆಲದ ಸಣ್ಣ ಕುಸಿತಕ್ಕೆ ಎಂದು ಎತ್ತಿಟ್ಟಿರುತ್ತಾರೆ. ಅದು ನಿಮ್ಮ ಖರ್ಚಿನ ದುಡ್ಡಲ್ಲ.

4. ಭಾರವನ್ನು ಲೆಕ್ಕ ಹಾಕಿ

"ಒಂದು ಮೂರು ಟನ್ ಇರಬಹುದು" ಎಂಬ ಮಾತಿನ ಮೇಲೆ ಎತ್ತಬೇಡಿ. ಘನಮೀಟರಿಗೆ ಕಾಂಕ್ರೀಟ್ ಸುಮಾರು 2,500 ಕಿಲೋ, ಗ್ರಾನೈಟ್ ಸುಮಾರು 2,700, ಉಕ್ಕು 7,850. ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಪ್ರೀಕಾಸ್ಟ್ ಸ್ಲ್ಯಾಬ್ 3 ಟನ್ ತೂಗುತ್ತದೆ. ಉಕ್ಕಿನ ತಗಡಿಗೆ ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ ಹಿಡಿಯಿರಿ. ಕಂಬಿಗೆ ಪ್ರತಿ ಸೈಟ್ ಇಂಜಿನಿಯರಿಗೂ ಬಾಯಿಪಾಠವಾದ ಲೆಕ್ಕವಿದೆ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿನ ತೂಕ. 25 ಮಿಲಿಮೀಟರಿನ, 12 ಮೀಟರ್ ಉದ್ದದ 50 ಕಂಬಿಗಳ ಕಟ್ಟು 2.3 ಟನ್ ಆಗುತ್ತದೆ. ಬಿಲ್ಲಿಗೆ ಬಳಸುವ ಈ ಸೂತ್ರವನ್ನು ಎತ್ತುವಾಗಲೂ ಬಳಸಿ.

ಇಳಕಲ್ಲಿನ ಕಲ್ಲುಕ್ವಾರಿಯಲ್ಲಿ ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಬ್ಲಾಕ್ ನೋಡಲು ಅಂಥ ದೊಡ್ಡದೇನಲ್ಲ. ತೂಕ 18 ಟನ್ ದಾಟುತ್ತದೆ. ಟ್ಯಾಂಕ್ ಎತ್ತುವಾಗ ಒಳಗೆ ನೀರು ಉಳಿದಿದೆಯೇ ನೋಡಿ. ಎರಡು ಘನಮೀಟರ್ ಉಳಿದಿದ್ದರೆ ಎರಡು ಟನ್ ಹೆಚ್ಚು. ಹೂತುಹೋದದ್ದು, ಅಚ್ಚಿಗೆ ಅಂಟಿಕೊಂಡದ್ದು, ಬೋಲ್ಟ್ ಬಿಚ್ಚಲು ಮರೆತದ್ದು ಇವುಗಳ ಭಾರ ಎಷ್ಟೆಂದು ಯಾರೂ ಹೇಳಲಾರರು. ಕಿತ್ತು ತೆಗೆಯುವ ಕೆಲಸವನ್ನು ಕ್ರೇನಿಗೆ ಹಚ್ಚಬೇಡಿ.

5. ಕೊಕ್ಕೆಯೂ ಭಾರವೇ

ಚಾರ್ಟ್‌ನಲ್ಲಿರುವುದು ಒಟ್ಟು ಭಾರ. ಹುಕ್ ಬ್ಲಾಕ್, ಸ್ಲಿಂಗ್, ಶ್ಯಾಕಲ್, ಸ್ಪ್ರೆಡರ್ ಬೀಮ್, ಬೂಮ್ ಪಕ್ಕದಲ್ಲಿ ಮಡಚಿಟ್ಟ ಜಿಬ್ ಎಲ್ಲವನ್ನೂ ಅದರಿಂದ ಕಳೆಯಬೇಕು. ಚಾರ್ಟ್ 6 ಟನ್ ಎಂದರೆ, ಬ್ಲಾಕ್ 350 ಕಿಲೋ, ಸ್ಲಿಂಗು ಶ್ಯಾಕಲ್ಲು 150, ಬೀಮ್ 400 ಕಳೆದು ನಿಮ್ಮ ಪಾಲಿಗೆ ಉಳಿಯುವುದು 5.1 ಟನ್. ಬೂಮ್ ದೂರ ಚಾಚಿದಾಗ, ಚಾರ್ಟ್ ಒಂದೂವರೆ ಟನ್ ಎನ್ನುವ ಜಾಗದಲ್ಲಿ, ಇದೇ 900 ಕಿಲೋ ಅರ್ಧಕ್ಕಿಂತ ಹೆಚ್ಚನ್ನು ನುಂಗಿಬಿಡುತ್ತದೆ.

6. ನೆಲವನ್ನು ಪರೀಕ್ಷಿಸದೆ ಜಾಕ್ ಇಳಿಸಬೇಡಿ

ಲೋಡ್ ಚಾರ್ಟ್ ಬರೆದವರು ಗಟ್ಟಿ ನೆಲವನ್ನು ಊಹಿಸಿಕೊಂಡು ಬರೆದಿದ್ದಾರೆ. ಆ ಗಟ್ಟಿ ನೆಲ ನಿಮ್ಮ ಸೈಟಿನಲ್ಲಿದೆಯೇ ಎಂದು ನೋಡುವುದು ನಿಮ್ಮ ಹೊಣೆ. ಬೂಮ್ ಒಂದು ಮೂಲೆಯ ಮೇಲೆ ನಿಂತಾಗ ಗಾಡಿ ಮತ್ತು ಭಾರ ಸೇರಿದ ತೂಕದ ಮುಕ್ಕಾಲು ಪಾಲಿನವರೆಗೂ ಆ ಒಂದೇ ಜಾಕ್ ಮೇಲೆ ಬೀಳಬಹುದು. 30 ಟನ್ ತೂಗುವ ಗಾಡಿ 10 ಟನ್ ಎತ್ತಿದರೆ ಒಂದು ಜಾಕಿಗೆ 30 ಟನ್. ಜಾಕಿನ ಪಾದ ಅರ್ಧ ಮೀಟರ್ ಚೌಕದ್ದಾದರೆ ನೆಲದ ಮೇಲಿನ ಒತ್ತಡ ಚದರ ಮೀಟರಿಗೆ 120 ಟನ್. ಯಾವ ಮಣ್ಣೂ ಇದನ್ನು ತಡೆಯದು. ಅದೇ ಪಾದದ ಕೆಳಗೆ ಒಂದೂವರೆ ಮೀಟರ್ ಚೌಕದ, ಬಾಗದಷ್ಟು ದಪ್ಪನೆಯ ಉಕ್ಕಿನ ಮ್ಯಾಟ್ ಅಥವಾ ಒತ್ತಾಗಿ ಜೋಡಿಸಿದ ಮರದ ಸ್ಲೀಪರ್ ಹಾಸಿದರೆ ಒತ್ತಡ 13 ಟನ್ನಿನ ಆಸುಪಾಸಿಗೆ ಇಳಿಯುತ್ತದೆ. ಮಣ್ಣು ಅದನ್ನಾದರೂ ತಾಳುತ್ತದೆಯೇ ಎಂದು ಇಂಜಿನಿಯರ್ ಹೇಳಬೇಕು. ಕೈಗೆ ಸಿಕ್ಕಿದ ಎರಡು ಹಲಗೆ ತುಂಡು ತುರುಕಿದರೆ ಆಧಾರವಾಗುವುದಿಲ್ಲ.

ಹುಬ್ಬಳ್ಳಿ, ಗದಗ, ವಿಜಯಪುರದ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿದು ನಿಂತಿರುತ್ತದೆ. ಒಂದು ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ನಿನ್ನೆ ಇದೇ ಜಾಗದಲ್ಲಿ ಎತ್ತಿದ್ದೆವು ಎಂಬ ಮಾತಿಗೆ ಎರೆಭೂಮಿಯಲ್ಲಿ ಬೆಲೆಯಿಲ್ಲ. ಬೆಂಗಳೂರಿನಲ್ಲಿ ಅಪಾಯ ಬೇರೆ ಬಗೆಯದು. ಮುಚ್ಚಿದ ಕೆರೆಯಂಗಳ, ಡಾಂಬರಿನ ಕೆಳಗೆ ಹೋದ ಒಳಚರಂಡಿ, ಯುಜಿಡಿ ಚೇಂಬರ್, ಕೇಬಲ್ಲಿಗೆಂದು ಅಗೆದು ಸಡಿಲವಾಗಿ ಮುಚ್ಚಿದ ಗುಂಡಿ. ಮೇಲೆ ಗಟ್ಟಿ ರಸ್ತೆ, ಕೆಳಗೆ ಟೊಳ್ಳು. ಅಕ್ಕಪಕ್ಕದ ಹಳೆಯ ನಿವಾಸಿಗಳನ್ನು ಕೇಳಿ, ನಕ್ಷೆ ತರಿಸಿ. ಪಾಯದ ಗುಂಡಿಯ ಅಂಚಿನಿಂದ ಕನಿಷ್ಠ ಗುಂಡಿಯ ಆಳದಷ್ಟು ದೂರ ನಿಲ್ಲಿ. ಸಡಿಲ ಮಣ್ಣಾದರೆ ಇನ್ನೂ ಹಿಂದೆ.

7. ಜಾಕ್ ಪೂರ್ತಿ ಹೊರಗೆ, ಗಾಡಿ ಸಮಮಟ್ಟದಲ್ಲಿ

ರಸ್ತೆ ಇಕ್ಕಟ್ಟು ಎಂದು ಒಂದು ಬದಿಯ ಜಾಕನ್ನು ಅರ್ಧ ಎಳೆದರೆ ಆ ಬದಿಗೆ ಪೂರ್ತಿ ಜಾಕಿನ ಚಾರ್ಟ್ ಅನ್ವಯಿಸುವುದಿಲ್ಲ. ಅರ್ಧ ಜಾಕಿಗೆ ತಯಾರಕರು ಬೇರೆ ಚಾರ್ಟ್ ಕೊಟ್ಟಿದ್ದರೆ ಅದನ್ನು ಓದಿ, ಇಲ್ಲದಿದ್ದರೆ ಎತ್ತಬೇಡಿ. ಟೈರುಗಳು ನೆಲ ಬಿಟ್ಟಿರಲಿ.

ಮಟ್ಟದ ವಿಷಯದಲ್ಲಿ ಉದಾಸೀನ ಹೆಚ್ಚು. ಬೂಮಿನ ತುದಿ 20 ಮೀಟರ್ ಎತ್ತರದಲ್ಲಿದ್ದು ಗಾಡಿ ಒಂದು ಡಿಗ್ರಿ ವಾಲಿದರೆ ಕೊಕ್ಕೆ 35 ಸೆಂಟಿಮೀಟರ್ ಹೊರಗೆ ಹೋಗುತ್ತದೆ, ಮೂರು ಡಿಗ್ರಿ ವಾಲಿದರೆ ಒಂದು ಮೀಟರ್. 12 ಮೀಟರಿನ ಅಂಕಿ ನೋಡಿ ಎತ್ತುತ್ತಿರುವವರು ತಮಗೇ ತಿಳಿಯದಂತೆ 13 ಮೀಟರಿನಲ್ಲಿರುತ್ತಾರೆ.

8. ಸ್ಲಿಂಗ್ ಅಗಲವಾದಷ್ಟೂ ಎಳೆತ ಹೆಚ್ಚು

5 ಟನ್ನಿನ ಭಾರಕ್ಕೆ ಎರಡು ಕಾಲಿನ ಸ್ಲಿಂಗ್. ನೆಟ್ಟಗೆ ಇಳಿದರೆ ಒಂದೊಂದಕ್ಕೆ 2.5 ಟನ್. ನೆಲದ ಮಟ್ಟದೊಂದಿಗೆ 60 ಡಿಗ್ರಿ ಕೋನವಾದರೆ 2.9, 45 ಡಿಗ್ರಿಯಾದರೆ 3.5, 30 ಡಿಗ್ರಿಗೆ ಇಳಿದರೆ ಒಂದೊಂದು ಕಾಲಿಗೂ ಪೂರ್ತಿ 5 ಟನ್. ಸ್ಲಿಂಗ್ ಗಿಡ್ಡವಿದ್ದಷ್ಟೂ ಕೋನ ಚಪ್ಪಟೆಯಾಗುತ್ತದೆ. ಉದ್ದದ ಸ್ಲಿಂಗ್ ತರಿಸಿ.

ಬೆಲ್ಟ್ ಸ್ಲಿಂಗುಗಳ ಬಣ್ಣಕ್ಕೂ ಅರ್ಥವಿದೆ. ಯುರೋಪಿನ ಮಾನದಂಡದಲ್ಲಿ ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5. ಆದರೆ ಲೇಬಲ್ ಹರಿದುಹೋದ ಬೆಲ್ಟ್ ಯಾವ ಬಣ್ಣದ್ದಾದರೂ ಅದರ ಬಲ ಸೊನ್ನೆ ಎಂದೇ ತಿಳಿಯಿರಿ. ಚೂಪು ಅಂಚಿಗೆ ಗೋಣಿತಾಟು ಸಾಲದು, ಸರಿಯಾದ ಪ್ಯಾಡ್ ಇಡಿ.

9. ಗಾಳಿಗೆ ತಲೆಬಾಗಿ

ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರಿನ ಗಾಳಿ 20 ಚದರ ಮೀಟರಿನ ಶಟರಿಂಗ್ ಪ್ಯಾನೆಲನ್ನು ಸುಮಾರು 150 ಕಿಲೋ ಬಲದಿಂದ ಪಕ್ಕಕ್ಕೆ ತಳ್ಳುತ್ತದೆ. 72 ಕಿಲೋಮೀಟರ್ ಆದರೆ 600 ಕಿಲೋ. ಬೂಮ್ ಕಟ್ಟಿರುವುದು ಕೆಳಕ್ಕೆಳೆಯುವ ಭಾರ ಹೊರಲು. ಪಕ್ಕದ ಎಳೆತ ಅದಕ್ಕೆ ಆಗಿಬರುವುದಿಲ್ಲ.

1999ರ ಜುಲೈ 14ರಂದು ಅಮೆರಿಕದ ಮಿಲ್ವಾಕಿ ನಗರದಲ್ಲಿ ಮಿಲ್ಲರ್ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನಕ್ಕೆ ಚಾವಣಿ ಕೂರಿಸುತ್ತಿದ್ದರು. 'ಬಿಗ್ ಬ್ಲೂ' ಎಂದು ಕರೆಯುತ್ತಿದ್ದ ದೈತ್ಯ ಕ್ರೇನ್ 400 ಟನ್ನಿಗೂ ಹೆಚ್ಚು ತೂಗುವ ಚಾವಣಿಯ ಭಾಗವನ್ನು ಎತ್ತಿತ್ತು. ಗಾಳಿ ಗಂಟೆಗೆ 40 ಕಿಲೋಮೀಟರಿನ ಆಸುಪಾಸು ಬೀಸುತ್ತಿತ್ತು. ಕ್ರೇನಿನ ಮೇಲೆ ಬೀಳುವ ಗಾಳಿಯ ಲೆಕ್ಕವಿತ್ತು. ಹಾಯಿಯಂತೆ ಹರಡಿದ್ದ ಆ ಚಾವಣಿಯ ಮೇಲೆ ಬೀಳುವ ಗಾಳಿಯ ಲೆಕ್ಕ ಹಾಕಿರಲಿಲ್ಲ. ಕ್ರೇನ್ ಕುಸಿಯಿತು. ಇನ್ನೊಂದು ಕ್ರೇನಿನ ಬುಟ್ಟಿಯಲ್ಲಿ ನಿಂತಿದ್ದ ಮೂವರು ಕಬ್ಬಿಣ ಕೆಲಸಗಾರರು ಸತ್ತರು. ತೂಕ ನೋಡಿದವರು ಮೈಯನ್ನು ನೋಡಿರಲಿಲ್ಲ. ಭಾರ ಎಷ್ಟು ಅಗಲವಾಗಿದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಕೆಲಸ ನಿಂತ ಮೇಲೂ ಗಾಳಿ ಬಿಡುವುದಿಲ್ಲ. 2015ರ ಸೆಪ್ಟೆಂಬರ್ 11ರಂದು ಮೆಕ್ಕಾದ ಮಹಾಮಸೀದಿಯ ಮೇಲೆ ಬಿದ್ದ ಕ್ರಾಲರ್ ಕ್ರೇನ್ ಆ ಹೊತ್ತಿಗೆ ಏನನ್ನೂ ಎತ್ತುತ್ತಿರಲಿಲ್ಲ. ಬಿರುಗಾಳಿ ಬಂದಾಗ ಅದರ ಬೂಮ್ ಮೇಲೆತ್ತಿದ ಸ್ಥಿತಿಯಲ್ಲೇ ಇತ್ತು. ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಕೆಲಸ ಮುಗಿದೊಡನೆ ತಯಾರಕರ ಕೈಪಿಡಿ ಹೇಳಿದಂತೆ ಬೂಮ್ ಇಳಿಸಿ. ಟವರ್ ಕ್ರೇನ್ ಆದರೆ ಸ್ವಿಂಗ್ ಬ್ರೇಕ್ ಬಿಡಿ, ಜಿಬ್ ಗಾಳಿ ಬೀಸಿದತ್ತ ತಾನೇ ತಿರುಗಲಿ. ಬಿಗಿಹಿಡಿದು ನಿಲ್ಲಿಸಿದ ಟವರ್ ಕ್ರೇನ್ ಗಾಳಿಗೆ ಮೈಯೊಡ್ಡಿ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನೊಡನೆ ಬರುವ ಗಾಳಿಯನ್ನು ಬಲ್ಲ ನಮಗೆ ಇದು ದೂರದ ಮಾತಲ್ಲ. ಗದಗ, ಚಿತ್ರದುರ್ಗದ ಗಾಳಿಯಂತ್ರಗಳ ಜಾಗಗಳಂತೂ ಗಾಳಿ ಹೆಚ್ಚೆಂದೇ ಆರಿಸಿದವು. ಅಲ್ಲಿ ಕ್ರೇನ್ ತುದಿಯಲ್ಲಿ ಗಾಳಿ ಅಳೆಯುವ ಮಾಪಕವಿಲ್ಲದೆ ರೆಕ್ಕೆ ಎತ್ತಬಾರದು. ನೆಲದ ಮೇಲೆ ನಿಂತವರಿಗೆ ತಾಕುವ ಗಾಳಿಗಿಂತ ಮೇಲಿನ ಗಾಳಿ ಜೋರು.

10. ಹೈಡ್ರಾವನ್ನು ಲಾರಿಯಂತೆ ಓಡಿಸಬೇಡಿ

ನಮ್ಮ ಊರುಗಳಲ್ಲಿ ಹೆಚ್ಚು ಕಾಣುವ ಕ್ರೇನ್ ಇದೇ. ಬೋರ್‌ವೆಲ್ ಮೋಟರಿನಿಂದ ಹಿಡಿದು ಟ್ರಾನ್ಸ್‌ಫಾರ್ಮರ್ ತನಕ ಎಲ್ಲಕ್ಕೂ ಹೈಡ್ರಾ ಬರುತ್ತದೆ. ಸಾಮಾನ್ಯವಾಗಿ ಇದಕ್ಕೆ ಟೈರುಗಳೇ ಆಧಾರ. ಭಾರ ಮುಂದೆ ತೂಗುವುದರಿಂದ ಮುಂದಿನ ಚಕ್ರಗಳ ಮೇಲೆ ಮಗುಚಲು ನೋಡುತ್ತದೆ, ತಿರುವಿನಲ್ಲಿ ಪಕ್ಕಕ್ಕೂ ವಾಲುತ್ತದೆ. ಭಾರ ಹೊತ್ತು ನಡೆಯುವಾಗ ಬೂಮ್ ಗಿಡ್ಡ, ಭಾರ ನೆಲದಿಂದ ಒಂದೆರಡು ಅಡಿ ಮಾತ್ರ ಮೇಲೆ, ವೇಗ ನಡಿಗೆಯಷ್ಟು. ನಿಂತು ಎತ್ತುವ ಚಾರ್ಟ್ ಬೇರೆ, ಹೊತ್ತು ನಡೆಯುವ ಚಾರ್ಟ್ ಬೇರೆ. ದೂರವನ್ನು ಎಲ್ಲಿಂದ ಅಳೆಯಬೇಕು ಎಂಬುದೂ ಚಾರ್ಟ್‌ನಲ್ಲೇ ಇರುತ್ತದೆ.

ಭಾರ ತೂಗಾಡದಂತೆ ಅದನ್ನು ಕೈಯಿಂದ ಹಿಡಿದು ಪಕ್ಕದಲ್ಲೇ ನಡೆಯುವ ಹುಡುಗರನ್ನು ದಿನವೂ ಕಾಣುತ್ತೇನೆ. ಬೂಮ್ ಮತ್ತು ಭಾರ ಅಡ್ಡ ಬಂದು ಚಾಲಕನಿಗೆ ಅವರು ಕಾಣುವುದೇ ಇಲ್ಲ. ಅವರ ಕೈಗೆ ಉದ್ದನೆಯ ಗೈಡ್ ಹಗ್ಗ ಕೊಡಿ, ದೂರ ನಿಲ್ಲಿಸಿ. ಒಂದು ಹಗ್ಗಕ್ಕೆ ಎಷ್ಟು ದುಡ್ಡು?

11. ಎರಡು ಕ್ರೇನ್ ಸೇರಿದರೆ ಬಲ ಎರಡರಷ್ಟಾಗುವುದಿಲ್ಲ

ಒಂದು ಗಾಡಿ ಚೂರು ಬೇಗ ಎತ್ತಿದರೂ, ಒಂದು ಕಡೆ ನೆಲ ಚೂರು ಕುಸಿದರೂ ಭಾರ ಇನ್ನೊಂದರ ಮೇಲೆ ಸರಿಯುತ್ತದೆ. ಅದಕ್ಕೇ ಜಂಟಿ ಎತ್ತುವಿಕೆಯಲ್ಲಿ ಪ್ರತಿ ಕ್ರೇನಿನ ಚಾರ್ಟ್ ಅಂಕಿಯ ಶೇ 75ನ್ನು ಮಾತ್ರ ಬಳಸುವುದು ರೂಢಿ.

2009ರ ಜುಲೈ 12ರಂದು ದೆಹಲಿಯ ಜಮ್ರುದ್‌ಪುರದಲ್ಲಿ ಮೆಟ್ರೋ ಕಾಮಗಾರಿ ಕುಸಿಯಿತು. ಮರುದಿನ ಅವಶೇಷ ಎತ್ತಲು ಬಂದ ಕ್ರೇನ್‌ಗಳೇ ಉರುಳಿಬಿದ್ದವು. ಬಿದ್ದದ್ದನ್ನು ಎತ್ತುವಾಗ ಭಾರ ಎಷ್ಟೆಂದು ಖಚಿತವಿರುವುದಿಲ್ಲ, ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಾಣುವುದಿಲ್ಲ, ಸುತ್ತ ಎಲ್ಲರಿಗೂ ಅವಸರ. ಅಂಥ ಕೆಲಸಕ್ಕೆ ದುಪ್ಪಟ್ಟು ಸಾವಧಾನ ಬೇಕು. ನೆದರ್‌ಲ್ಯಾಂಡ್ಸ್‌ನ ಆಲ್ಫೆನ್ ಪಟ್ಟಣದಲ್ಲಿ 2015ರ ಆಗಸ್ಟ್ 3ರಂದು ದೋಣಿಕಟ್ಟೆಗಳ ಮೇಲೆ ನಿಂತ ಎರಡು ಕ್ರೇನುಗಳು ಸೇತುವೆಯ ಭಾಗವನ್ನು ಎತ್ತಿದ್ದವು. ಮೂರೂ ಮಗುಚಿ ದಡದ ಮನೆಗಳ ಮೇಲೆ ಬಿದ್ದವು. ಕ್ರೇನುಗಳನ್ನು ಹೊತ್ತಿದ್ದ ಕಟ್ಟೆಗಳಿಗೇ ಸಾಕಷ್ಟು ಸ್ಥಿರತೆ ಇರಲಿಲ್ಲ.

12. ಎಸ್‌ಎಲ್‌ಐ ಕಿರುಚಿದರೆ ಬೀಗದ ಕೈ ಹುಡುಕಬೇಡಿ

ಎಸ್‌ಎಲ್‌ಐ ಎಂದರೆ ಸೇಫ್ ಲೋಡ್ ಇಂಡಿಕೇಟರ್. ಮಿತಿ ಹತ್ತಿರವಾದಾಗ ಎಚ್ಚರಿಸುವ ಈ ಸಾಧನಕ್ಕೆ ಬೈಪಾಸ್ ಕೀ ಇರುತ್ತದೆ. ಅದು ರಿಪೇರಿಗೆ, ಪರೀಕ್ಷೆಗೆ. ಆ ಕೀ ಆಪರೇಟರ್ ಜೇಬಿನಲ್ಲಿ ಇರಲೇಬಾರದು. ಎಸ್‌ಎಲ್‌ಐ ಕೆಟ್ಟ ಗಾಡಿಯನ್ನು ಗೇಟಿನಿಂದಲೇ ವಾಪಸು ಕಳಿಸಿ. ಹಾಗೆಂದು ಅದನ್ನೇ ತಕ್ಕಡಿ ಮಾಡಿಕೊಂಡು ಎತ್ತಿ ನೋಡುವುದೂ ತಪ್ಪು. ಕಾಗದದ ಲೆಕ್ಕ ಮೊದಲು, ಸಾಧನ ಆಮೇಲೆ.

13. ಪರೀಕ್ಷೆಯ ಪತ್ರ ಓದಿ, ಪರೀಕ್ಷೆಯ ದಿನವೂ ಎಚ್ಚರವಿರಲಿ

ಭಾರ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ಅರ್ಹ ವ್ಯಕ್ತಿ 12 ತಿಂಗಳಿಗೊಮ್ಮೆಯಾದರೂ ಕೂಲಂಕಷವಾಗಿ ನೋಡಬೇಕು, ಸುರಕ್ಷಿತ ಭಾರವನ್ನು ಯಂತ್ರದ ಮೇಲೆ ಬರೆಯಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮಿನಲ್ಲೇ ಬರೆಯಲಾಗಿತ್ತು. ಹೊಸ ಸಂಗತಿಯೇನಲ್ಲ. ಪತ್ರದಲ್ಲಿರುವ ಗಾಡಿಯ ನಂಬರೂ ಮುಂದೆ ನಿಂತ ಗಾಡಿಯ ನಂಬರೂ ಒಂದೇನಾ ಎಂದು ನೋಡಿ.

ಪರೀಕ್ಷೆಯಲ್ಲಿ ಬೇಕೆಂದೇ ಮಿತಿಗಿಂತ ಹೆಚ್ಚು ಭಾರ ಹಾಕುತ್ತಾರೆ. 20 ಟನ್ನಿನವರೆಗಿನ ಯಂತ್ರಕ್ಕೆ ಶೇ 25ರಷ್ಟು ಹೆಚ್ಚು. ಆದ್ದರಿಂದ ಆ ದಿನ ಕ್ರೇನಿನ ಮೇಲೆ, ಕೆಳಗೆ ಅನಗತ್ಯವಾಗಿ ಒಬ್ಬರೂ ಇರಕೂಡದು. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಪರೀಕ್ಷೆ ನಡೆಯುತ್ತಿದ್ದಾಗಲೇ ಕ್ರೇನ್ ಕುಸಿದು 11 ಮಂದಿ ಸತ್ತರು.

14. ಒಂದು ಅಡಿ ಎತ್ತಿ ನಿಲ್ಲಿಸಿ

ಭಾರ ನೆಲ ಬಿಟ್ಟ ಕೂಡಲೇ ನಿಲ್ಲಿಸಿ. ಜಾಕ್ ಕುಸಿಯುತ್ತಿದೆಯೇ, ಬ್ರೇಕ್ ಹಿಡಿದಿದೆಯೇ, ಭಾರ ಒಂದು ಕಡೆಗೆ ವಾಲಿದೆಯೇ, ಹಗ್ಗ ಡ್ರಮ್ಮಿನ ಮೇಲೆ ಸರಿಯಾಗಿ ಸುತ್ತಿದೆಯೇ ನೋಡಿ. ತಪ್ಪು ಕಂಡರೆ ಒಂದಡಿ ಇಳಿಸುವುದು ಸುಲಭ, ಹತ್ತು ಮೀಟರಿನಿಂದ ಇಳಿಸುವುದು ಕಷ್ಟ.

ಸನ್ನೆ ಕೊಡುವವರು ಒಬ್ಬರೇ ಇರಲಿ. ಆದರೆ "ನಿಲ್ಲಿಸಿ" ಎಂಬ ಸನ್ನೆಯನ್ನು ಯಾರು ಬೇಕಾದರೂ ಕೊಡಬಹುದು, ಯಾರು ಕೊಟ್ಟರೂ ಆಪರೇಟರ್ ಪಾಲಿಸಲೇಬೇಕು. ನಿನ್ನೆ ಕೆಲಸಕ್ಕೆ ಸೇರಿದ ಹೆಲ್ಪರ್ ಹುಡುಗ ಕೈ ಎತ್ತಿದರೂ ಸರಿ. ಅವನು ತಪ್ಪಾಗಿ ನಿಲ್ಲಿಸಿದ್ದರೆ ಬೈಯಬೇಡಿ. ಬೈದರೆ ಮುಂದಿನ ಸಲ ನಿಜವಾದ ಬಿರುಕು ಕಂಡಾಗಲೂ ಸುಮ್ಮನಿರುತ್ತಾನೆ. ಕಂಟ್ರಾಕ್ಟರುಗಳೇ, ಗಾಡಿಯ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿರುತ್ತದೆ, ನಿಮ್ಮ ಅವಸರ ಅರ್ಥವಾಗುತ್ತದೆ. ಆದರೂ ನಾಳೆ ಗಾಡಿ ಬಂದೊಡನೆ ಕೊಕ್ಕೆ ಹಾಕಿಸಬೇಡಿ. ಆಪರೇಟರ್ ಲೋಡ್ ಚಾರ್ಟ್ ತೆಗೆಯಲಿ, ಇಂಜಿನಿಯರ್ ಟೇಪ್ ಹಿಡಿಯಲಿ, ಖಲಾಸಿ ಬೆಲ್ಟುಗಳನ್ನು ಬಿಡಿಸಿ ತೋರಿಸಲಿ. ಕಾಲು ಗಂಟೆ ಕೊಡಿ.